ಇನ್ನೂ ಉಳಿದಿರುವ ಎಲೆಗಳು: ಇಸ್ಪೀಟಿನ ಲೆಕ್ಕದ ಒಂದು ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕ ಸಮಿತಿಯ ಗೆಳೆಯರು ಫೋನು ಮಾಡಿದ್ದರು. ಶಾಲೆಯ ನೆನಪುಗಳನ್ನು ಬರೆಯುತ್ತೇನೆಂದು ಅವರು ತಿಳಿದಿದ್ದಿರಬೇಕು. ಇಸ್ಪೀಟಿನ ಬಗ್ಗೆ ಬರೆಯುತ್ತೇನೆ ಎಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಸರ್ಕಾರಿ ಪ್ರೌಢಶಾಲೆಯ ಸಂಚಿಕೆಯಲ್ಲಿ ಜೂಜಿನ ಲೇಖನವೇ ಎಂಬ ಅವರ ಅಳುಕು ನ್ಯಾಯವಾದದ್ದೇ. ಆದರೆ ಗಣಿತದ ಮೇಲೆ ನನಗೆ ಆಸೆ ಹುಟ್ಟಿದ್ದು ಇದೇ ಶಾಲೆಯ ಒಂಬತ್ತನೇ ತರಗತಿಯಲ್ಲಿ, ಒಂದು ಹರಕು ಇಸ್ಪೀಟ್ ಪ್ಯಾಕಿನಿಂದ. ಆದ್ದರಿಂದ ಬೇರೆ ವಿಷಯ ನನಗೆ ತೋಚಲಿಲ್ಲ.

ಯುಗಾದಿ ಕಳೆದ ವಾರ ಅದು. ವರ್ಷತೊಡಕಿನ ದಿನ ದೊಡ್ಡವರು ಅರಳಿಕಟ್ಟೆಯಲ್ಲಿ ಆಡಿ ಬಿಸಾಕಿದ್ದ ಪ್ಯಾಕನ್ನು ನಾವು ಮೂವರು ಹುಡುಗರು ಶಾಲೆಗೆ ತಂದಿದ್ದೆವು. ಊಟದ ಬಿಡುವಿನಲ್ಲಿ ನೀರಿನ ತೊಟ್ಟಿಯ ಹಿಂದೆ ಕೂತು ಆಡುವಾಗ ಗಣಿತದ ಮೇಷ್ಟ್ರ ಕೈಗೆ ಸಿಕ್ಕಿಬಿದ್ದೆವು. ಎರಡೆರಡು ಏಟು ಬಿತ್ತು. ಅದು ಆ ಕಾಲದ ರೂಢಿ. ಮುಂದಿನ ಪಿರಿಯಡ್ಡಿಗೆ ಮೇಷ್ಟ್ರು ಆ ಪ್ಯಾಕನ್ನೇ ಹಿಡಿದುಕೊಂಡು ತರಗತಿಗೆ ಬಂದರು. ಎಣಿಸಿದರೆ 51 ಎಲೆ. ಕಳಾವರದ ಏಳು ಕಾಣೆಯಾಗಿತ್ತು. ಜೋಕರಿನ ಮೇಲೆ ಪೆನ್ನಿನಲ್ಲಿ ‘ಕಳಾವರ 7’ ಎಂದು ಬರೆದು 52 ಮಾಡಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಕಣ್ಣು ಮುಚ್ಚಿ ಒಂದು ಎಲೆ ಎಳೆಸಿ, ಅದರ ಜಾತಿಯನ್ನು ಬೋರ್ಡಿನ ಮೇಲೆ ಬರೆದು, ಎಲೆಯನ್ನು ವಾಪಸು ಸೇರಿಸಿ ಕಲೆಸಿದರು. ಇಸ್ಪೀಟು, ಡೈಮಂಡು, ಆಟೀನು, ಕಳಾವರ ಎಂದು ಪಟ್ಟಿ ಬೆಳೆಯಿತು.

ಅವರು ಕೇಳಿದ ಪ್ರಶ್ನೆ ಒಂದೇ. ಐದು ಸಲ ಎಳೆದರೂ ಆಟೀನು ಬರದಿದ್ದರೆ ಆರನೆಯದು ಆಟೀನು ಆಗುವ ಸಂಭವ ಹೆಚ್ಚುತ್ತದೆಯೇ? ಹೆಚ್ಚುತ್ತದೆ ಎಂದು ಇಡೀ ತರಗತಿ ಕೂಗಿತು. ಎರಡು ಪಿರಿಯಡ್ಡು ಎಳೆದೆವು. ಹಾಗೆ ಐದು ಸಲ ತಪ್ಪಿದ ಮೇಲಿನ ಆರನೆಯ ಎಲೆಗಳನ್ನಷ್ಟೇ ಬಳಪದಲ್ಲಿ ಸುತ್ತುಹಾಕಿ ಎಣಿಸಿದರೆ, ಆಟೀನು ಬಂದದ್ದು ಸುಮಾರು ನಾಲ್ಕಕ್ಕೊಂದು. ಮೊದಲ ಎಲೆಗೆ ಎಷ್ಟೋ ಆರನೆಯದಕ್ಕೂ ಅಷ್ಟೇ. “ಎಲೆಗೆ ನೆನಪಿರೋದಿಲ್ಲ ಕಣ್ರೋ,” ಎಂದರು ಮೇಷ್ಟ್ರು.

ನನಗೆ ಆ ಮಾತು ನಾಟಲು ಬೇರೆ ಕಾರಣವಿತ್ತು. ನಮ್ಮ ಚಿಕ್ಕಪ್ಪ ಕಟ್ಟೆಯಿಂದ ಏಳದೆ ಕೂತಾಗಲೆಲ್ಲ, ಊಟಕ್ಕೆ ಕರೆಯಲು ಹೋದ ನನಗೆ ಹೇಳುತ್ತಿದ್ದ ಮಾತೊಂದಿತ್ತು: “ಇಷ್ಟೊತ್ತು ಬರಲಿಲ್ಲ ಅಂದ್ರೆ ಇನ್ನು ಬಂದೇ ಬರುತ್ತೆ, ನೀನು ನಡಿ.” ಆ ಒಂದು ಮಾತಿಗೆ ನಮ್ಮ ಮನೆ ತೆತ್ತದ್ದು ಕೆರೆ ಹಿಂದಿನ 30 ಗುಂಟೆ ಗದ್ದೆ.

ಹೋದದ್ದನ್ನು ಬಿಟ್ಟು ಉಳಿದದ್ದನ್ನು ಎಣಿಸಬೇಕು. ಮನುಷ್ಯರು ಇದನ್ನು ಕಲಿಯಲು ಬಹಳ ಶತಮಾನ ಹಿಡಿಯಿತು ಎಂಬುದು ಮುಂದೆ ಓದಿದಾಗ ನನಗೆ ತಿಳಿಯಿತು. ದಾಳ ಉರುಳಿಸುವುದಂತೂ ವೇದಕಾಲದಿಂದಲೂ ಇದೆ. ಮಹಾಭಾರತದ ವನಪರ್ವದಲ್ಲಿ ಬರುವ, ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದ ಕಥೆಯಲ್ಲಿ ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗುತ್ತಾನೆ. ಮೂಲ ಮಹಾಭಾರತದಲ್ಲಿ ದಾರಿಯ ಒಂದು ತಾರೆ ಮರವನ್ನು ನೋಡಿ ಋತುಪರ್ಣ ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ನಿಂತಲ್ಲೇ ಹೇಳಿಬಿಡುತ್ತಾನೆ. ನಳ ಎಣಿಸಿ ನೋಡಿದರೆ ಲೆಕ್ಕ ಸರಿ. ಆಗ ರಾಜ, ತನಗೆ ಪಗಡೆಯ ಮರ್ಮವೂ ಎಣಿಕೆಯ ವಿದ್ಯೆಯೂ ಗೊತ್ತು ಎನ್ನುತ್ತಾನೆ. ಆ ಮರದ ಕಾಯಿಯೇ ಹಿಂದಿನ ಕಾಲದ ದಾಳ. ಜೂಜಿನ ಗುಟ್ಟು ಅದೃಷ್ಟದಲ್ಲಲ್ಲ, ಎಣಿಕೆಯಲ್ಲಿದೆ ಎಂದು ಆ ಕಥೆ ಕಟ್ಟಿದವರಿಗೆ ಹೊಳೆದಿತ್ತು. ಆದರೆ ಆ ವಿದ್ಯೆ ಏನೆಂಬುದನ್ನು ಕಥೆ ಹೇಳುವುದಿಲ್ಲ. ಮಂತ್ರದ ಹಾಗೆ ಒಬ್ಬರಿಂದೊಬ್ಬರಿಗೆ ದಾಟಿಸಿ ಮುಂದೆ ಹೋಗುತ್ತದೆ.

ಬಾಯಿಬಿಟ್ಟು ಹೇಳಿದವರು ನಮ್ಮ ನಾಡಿನ ಮಹಾವೀರಾಚಾರ್ಯರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದ ನಡುಭಾಗದಲ್ಲಿ, ಅವರು ‘ಗಣಿತಸಾರಸಂಗ್ರಹ’ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಒಂದಷ್ಟು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಆ ಗ್ರಂಥದಲ್ಲಿ ಸಾಮಾನ್ಯ ಸೂತ್ರವೇ ಇದೆ. ಒಂದರಿಂದ ಮೇಲಕ್ಕೆ ಅಂಕಿಗಳನ್ನು ಒಂದು ಸಾಲಿನಲ್ಲಿ, ಮೇಲಿನಿಂದ ಕೆಳಕ್ಕೆ ಇನ್ನೊಂದು ಸಾಲಿನಲ್ಲಿ ಬರೆದು, ಗುಣಿಸಿ ಭಾಗಿಸಬೇಕು. ಅವರ ಉದಾಹರಣೆ ಅಡುಗೆಮನೆಯದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಒಂದೊಂದಾಗಿ ಆರು, ಎರಡೆರಡಾಗಿ ಹದಿನೈದು, ಹೀಗೆ ಕೂಡುತ್ತ ಹೋದರೆ ಒಟ್ಟು 63.

ಇದೇ ಸೂತ್ರವನ್ನು ಇಸ್ಪೀಟಿಗೆ ಹಾಕಿ ನೋಡಿ. 52 ಎಲೆಯಲ್ಲಿ ಎರಡನ್ನು ಆರಿಸುವ ಬಗೆ ಎಷ್ಟು? 52ನ್ನು 51ರಿಂದ ಗುಣಿಸಿ, 1 ಮತ್ತು 2ರ ಗುಣಲಬ್ಧದಿಂದ ಭಾಗಿಸಿದರೆ 1326. ಇಂದು ಜಗತ್ತಿನಾದ್ಯಂತ ಪೋಕರ್ ಪುಸ್ತಕಗಳ ಮೊದಲ ಅಧ್ಯಾಯದಲ್ಲಿ ಬರುವ ಅಂಕಿ ಇದು. ಹಾಗೆಂದು ನಮ್ಮವರೇ ಎಲ್ಲವನ್ನೂ ಕಂಡುಹಿಡಿದಿದ್ದರು ಎಂದು ನಾನು ಹೇಳಲಾರೆ. ಬಗೆಗಳನ್ನು ಎಣಿಸುವುದು ಒಂದು ಹೆಜ್ಜೆ; ಆ ಎಣಿಕೆಯಿಂದ ಮುಂದೆ ಏನಾದೀತೆಂದು ತೂಗಿ ಹಣ ಹಂಚುವುದು ಇನ್ನೊಂದು ಹೆಜ್ಜೆ. ಎರಡನೆಯದು ನಡೆದದ್ದು ಯೂರೋಪಿನಲ್ಲಿ, ಅದೂ ಎಷ್ಟೋ ಸಲ ಎಡವಿದ ಮೇಲೆ.

ಎಡವಿದ್ದು ಒಂದು ಸರಳ ವ್ಯಾಜ್ಯದಲ್ಲಿ. ಇಬ್ಬರು ಸಮನಾದ ಪಣವಿಟ್ಟು ಆಡುತ್ತಿದ್ದಾರೆ. ಮೊದಲು ಮೂರು ಆಟ ಗೆದ್ದವನಿಗೆ ಹಣವೆಲ್ಲ. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಂತುಹೋಯಿತು. ಹಣ ಹೇಗೆ ಹಂಚಬೇಕು? ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚಾದ ತನ್ನ ದೊಡ್ಡ ಗಣಿತಗ್ರಂಥದಲ್ಲಿ ಇಂಥದ್ದೊಂದು ಸಮಸ್ಯೆಯನ್ನು ಎತ್ತಿಕೊಂಡು, ಗೆದ್ದ ಆಟಗಳ ಪ್ರಮಾಣದಲ್ಲಿ ಹಂಚಿ ಎಂದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅವನು ನೋಡಿದ್ದು ಮುಗಿದುಹೋದ ಆಟಗಳ ಕಡೆಗೆ. ಅವನ ನಂತರ ಬಂದ ಕಾರ್ಡಾನೋ ಎಂಬ ವೈದ್ಯ, ಸ್ವತಃ ಜೂಜಿನ ಗೀಳು ಹತ್ತಿಸಿಕೊಂಡಿದ್ದವನು, ದಾಳದ ಬಗ್ಗೆಯೂ ಪೋಕರಿಗೆ ದೂರದ ಅಜ್ಜನಂತಿದ್ದ ಪ್ರಿಮೆರೋ ಎಂಬ ಎಲೆಯಾಟದ ಬಗ್ಗೆಯೂ ಒಂದು ಪುಸ್ತಕ ಬರೆದಿಟ್ಟ. ಅವನು 1576ರಲ್ಲಿ ತೀರಿಕೊಂಡ. ಪುಸ್ತಕ ಅಚ್ಚಾದದ್ದು 1663ರಲ್ಲಿ. ಅಷ್ಟರಲ್ಲಿ ಕೆಲಸ ಬೇರೆಯವರಿಂದ ಆಗಿಹೋಗಿತ್ತು.

1654ರಲ್ಲಿ ಷೆವಾಲಿಯೆ ದ ಮೆರೆ ಎಂಬ ಫ್ರೆಂಚ್ ಜೂಜುಗಾರ ಇದೇ ವ್ಯಾಜ್ಯವನ್ನು ಪ್ಯಾರಿಸ್ಸಿನ ಬ್ಲೇಸ್ ಪಾಸ್ಕಲ್‌ನ ಮುಂದಿಟ್ಟ. ಪಾಸ್ಕಲ್ ಟುಲೂಸ್ ಪಟ್ಟಣದ ನ್ಯಾಯಸ್ಥಾನದಲ್ಲಿದ್ದ ಪಿಯೆರ್ ಫರ್ಮಾಗೆ ಕಾಗದ ಬರೆದ. ಇಬ್ಬರ ನಡುವೆ ಓಡಾಡಿದ ಆ ಕಾಗದಗಳೇ ಸಂಭವನೀಯತೆಯ ಶಾಸ್ತ್ರದ ಹುಟ್ಟು. ಪಾಸ್ಕಲ್‌ನ ಉದಾಹರಣೆಯಲ್ಲಿ ಇಬ್ಬರೂ 32 ನಾಣ್ಯ ಹಾಕಿದ್ದಾರೆ, ಒಟ್ಟು 64. ಅವನ ತರ್ಕ ಇಷ್ಟು: ಎರಡು ಗೆದ್ದವನು ಮುಂದಿನ ಆಟ ಗೆದ್ದರೆ 64 ಅವನದೇ. ಸೋತರೆ ಇಬ್ಬರೂ ಸಮ, ತಲಾ 32. ಅಂದರೆ ಹೇಗಾದರೂ 32 ಅವನಿಗೆ ಖಚಿತ. ಮಿಕ್ಕ 32ರಲ್ಲಿ ಬರುವುದೂ ಬಾರದಿರುವುದೂ ಸಮಸಮ, ಆದ್ದರಿಂದ ಅರ್ಧ, 16. ಒಟ್ಟು 48 ಒಬ್ಬನಿಗೆ, 16 ಇನ್ನೊಬ್ಬನಿಗೆ. ಪಾಚೋಲಿಯ ಪ್ರಕಾರ ಹಂಚಿದ್ದರೆ ಸುಮಾರು 43 ಮತ್ತು 21 ಆಗುತ್ತಿತ್ತು. ಮುಗಿದ ಆಟಗಳನ್ನು ಬಿಟ್ಟು ಇನ್ನೂ ಆಡದ ಆಟಗಳನ್ನು ಎಣಿಸಿದ್ದೇ ಪಾಸ್ಕಲ್, ಫರ್ಮಾ ಮಾಡಿದ ದೊಡ್ಡ ಕೆಲಸ. ಇದನ್ನು ಓದಿದ ದಿನ ನನಗೆ ನಮ್ಮ ಮೇಷ್ಟ್ರ ಬಳಪದ ಸುತ್ತುಗಳು ನೆನಪಾದವು.

ಈ ಲೆಕ್ಕ ಹುಟ್ಟಿದಾಗ ಪೋಕರ್ ಹುಟ್ಟಿರಲಿಲ್ಲ. ಅದು 19ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆಯಿಂದ ಮಿಸಿಸಿಪಿ ನದಿಯ ಉಗಿಹಡಗುಗಳಲ್ಲಿ ಮೇಲಕ್ಕೆ ಹಬ್ಬಿದ ಆಟ. (ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ರಚಿಸುತ್ತಿದ್ದರು, ಅದರ ಕಥೆಯೇ ಬೇರೆ.) ಮೊದಮೊದಲು ಪೋಕರಿಗೆ 20 ಎಲೆ ಮಾತ್ರ: ನಾಲ್ಕು ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರಿಗೆ ತಲಾ ಐದು ಹಂಚಿದರೆ ಪ್ಯಾಕು ಖಾಲಿ. ಬಂದದ್ದೇ ಬಂತು, ಅದರ ಮೇಲೆ ಪಣ ಕಟ್ಟಬೇಕು, ಇಲ್ಲವೆ ಎಲೆ ಕೆಳಗಿಡಬೇಕು.

ಆಮೇಲೆ 52 ಎಲೆಯ ಪ್ಯಾಕು ಬಂತು. ಕೈಯಲ್ಲಿದ್ದ ಬೇಡದ ಎಲೆಗಳನ್ನು ಎಸೆದು ಹೊಸದು ಎಳೆದುಕೊಳ್ಳುವ ಪದ್ಧತಿಯೂ ಬಂತು. ನನ್ನ ಮಟ್ಟಿಗೆ ಪೋಕರಿನ ಚರಿತ್ರೆಯಲ್ಲಿ ಇದೇ ಮುಖ್ಯ ತಿರುವು. ಪ್ಯಾಕಿನಲ್ಲಿ ಎಲೆ ಉಳಿದಿದ್ದರೆ ಮನಸ್ಸಿನಲ್ಲಿ ಆಸೆಯೂ ಉಳಿಯುತ್ತದೆ. ನನ್ನ ಕೈ ಇನ್ನೂ ಸುಧಾರಿಸಬಹುದೇ ಎಂಬ ಪ್ರಶ್ನೆ ಅಲ್ಲಿಂದ ಶುರು. ಅದಕ್ಕೆ ಉತ್ತರ ಪಾಸ್ಕಲ್‌ನ ದಾರಿಯಲ್ಲೇ ಇದೆ. ಐದು ಎಲೆಯಲ್ಲಿ ನಾಲ್ಕು ಆಟೀನು ಇವೆ, ಇನ್ನೊಂದು ಆಟೀನು ಬಂದರೆ ಐದೂ ಒಂದೇ ಜಾತಿಯಾಗಿ ಫ್ಲಶ್ ಆಗುತ್ತದೆ ಎನ್ನಿ. ನಾನು ಕಂಡದ್ದು ಐದು ಎಲೆ, ಕಾಣದ್ದು 47. ಅದರಲ್ಲಿ ಆಟೀನು 9. ಅಂದರೆ 47ಕ್ಕೆ 9, ನೂರಕ್ಕೆ ಸುಮಾರು 19. ಒಂದು ಜೋಡಿ ಇಟ್ಟುಕೊಂಡು ಮೂರು ಎಲೆ ಬದಲಾಯಿಸಿದರೆ ಕೈ ಏನಾದರೂ ಸುಧಾರಿಸುವುದು ನೂರಕ್ಕೆ 29ರಷ್ಟು. ಎರಡು ಜೋಡಿ ಇದ್ದು ಒಂದು ಎಲೆ ಎಳೆದರೆ 47ಕ್ಕೆ 4 ಮಾತ್ರ. ಬರುವುದಕ್ಕಿಂತ ಬಾರದಿರುವುದೇ ಹೆಚ್ಚು.

ಇಲ್ಲೊಂದು ಅನುಮಾನ ಬರಬಹುದು: ಎಲೆಗೆ ನೆನಪಿಲ್ಲ ಎಂದಮೇಲೆ ಕಂಡ ಎಲೆಗಳನ್ನು ಕಳೆಯುವುದೇಕೆ? ಒಂದೇ ಹಂಚಿಕೆಯೊಳಗೆ, ಹೊರಗೆ ಬಂದ ಎಲೆ ಪ್ಯಾಕಿನಲ್ಲಿ ಇಲ್ಲವಲ್ಲ, ಆದ್ದರಿಂದ ಅದನ್ನು ಕಳೆಯಲೇಬೇಕು. ಕಲೆಸಿ ಮತ್ತೆ ಹಂಚಿದ ಮೇಲೆ ಹಿಂದಿನದೆಲ್ಲ ಅಳಿಸಿತು. ಚಿಕ್ಕಪ್ಪ ಮಾಡಿದ್ದು ಇದಕ್ಕೆ ಸರಿಯಾಗಿ ತಿರುಗುಮುರುಗು. ಕೈಯಲ್ಲಿದ್ದ ಆಟದಲ್ಲಿ ಬಿದ್ದ ಎಲೆಗಳನ್ನು ಗಮನಿಸುತ್ತಿರಲಿಲ್ಲ. ಮಧ್ಯಾಹ್ನದಿಂದ ಸೋತ ಆಟಗಳನ್ನು ಮಾತ್ರ ಬೆರಳು ಮಡಿಸಿ ಎಣಿಸಿಟ್ಟಿರುತ್ತಿದ್ದ.

ಈಗ ಹೆಚ್ಚಾಗಿ ಆಡುವ ಪೋಕರ್ ಬಗೆ ಟೆಕ್ಸಾಸ್ ಹೋಲ್ಡೆಮ್. 20ನೇ ಶತಮಾನದ ಆರಂಭದಲ್ಲಿ ಟೆಕ್ಸಾಸ್ ರಾಜ್ಯದ ರಾಬ್ಸ್‌ಟೌನ್ ಎಂಬ ಊರಲ್ಲಿ ಹುಟ್ಟಿತೆಂದು ಆ ರಾಜ್ಯದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಎರಡು ಗುಟ್ಟಿನ ಎಲೆ. ನಡುವೆ ಎಲ್ಲರಿಗೂ ಸೇರಿ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಮತ್ತೊಂದು ಎಂದು ತೆರೆಯುತ್ತಾರೆ. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದರು. ಆರಂಭದ ಆ ಎರಡು ಎಲೆಯ ಬಗೆಗಳೇ ಮಹಾವೀರಾಚಾರ್ಯರ ಸೂತ್ರ ಕೊಟ್ಟ 1326. ಎರಡೂ ಎಕ್ಕ ಬರುವುದು ಅದರಲ್ಲಿ 6 ಬಗೆ, ಅಂದರೆ 221 ಸಲಕ್ಕೊಮ್ಮೆ. ಯಾವುದಾದರೂ ಜೋಡಿ ಬರುವುದು 17 ಸಲಕ್ಕೊಮ್ಮೆ. ಜೋಡಿ ಬಂತು, ಮೊದಲ ಮೂರು ಎಲೆ ತೆರೆದಾಗ ಅದೇ ಮುಖದ ಇನ್ನೊಂದು ಸಿಕ್ಕುವುದು ನೂರಕ್ಕೆ 12ಕ್ಕೂ ಕಡಿಮೆ. ಐದೂ ತೆರೆದರೂ 19ರಷ್ಟೇ. ಎಕ್ಕ ಮತ್ತು ರಾಜ ಕೈಗೆ ಬಂದರೆ ಎಂಥವನಿಗೂ ಕಣ್ಣು ಅರಳುತ್ತದೆ. ಆದರೆ ಮೊದಲ ಮೂರರಲ್ಲಿ ಮತ್ತೊಂದು ಎಕ್ಕವೋ ರಾಜನೋ ಬರುವುದು ಮೂರಕ್ಕೊಂದು ಸಲವೂ ಇಲ್ಲ. ಎರಡೂ ಒಂದೇ ಜಾತಿಯವೆಂದು ಹಿಗ್ಗಿದವನಿಗೆ ಆ ಮೂರರಲ್ಲೇ ಫ್ಲಶ್ ಆಗುವುದು ಸುಮಾರು 119 ಸಲಕ್ಕೊಮ್ಮೆ.

ಸಂಭವ ಗೊತ್ತಾದರೆ ಸಾಲದು, ಹಣದ ಜೊತೆ ತೂಗಬೇಕು. ಮೇಜಿನ ಮೇಲೆ 300 ರೂಪಾಯಿ ಇದೆ. ಕೊನೆಯ ಎಲೆ ನೋಡಲು ನಾನು 100 ಕಟ್ಟಬೇಕು. ನನಗೆ ಬೇಕಾದ ಎಲೆ 47ರಲ್ಲಿ 9 ಎನ್ನಿ. ಇಂಥದ್ದನ್ನು 47 ಸಲ ಆಡಿದರೆ ಸರಾಸರಿಯಲ್ಲಿ 9 ಸಲ 300ರಂತೆ 2700 ಬರುತ್ತದೆ, 38 ಸಲ 100ರಂತೆ 3800 ಹೋಗುತ್ತದೆ. ನಷ್ಟ 1100, ಅಂದರೆ ಸಲಕ್ಕೆ 23 ರೂಪಾಯಿಗೂ ಹೆಚ್ಚು. ಬಂದ 9 ಸಲ ಮಾತ್ರ ನೆನಪಲ್ಲಿ ಉಳಿಯುತ್ತದೆ, ಹೋದ 38 ಮರೆತುಹೋಗುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ಎರಡು ನಿಮಿಷದ್ದು. ಆಟಕ್ಕೆ ಕೂತವನಿಗೆ ಇದನ್ನು ಮಾಡಲು ಬಿಡುವಿರುವುದಿಲ್ಲ.

ಇದೇ ಎಣಿಕೆಯನ್ನು ಒಳ್ಳೆಯ ಕೆಲಸಕ್ಕೂ ಹಚ್ಚಿದ್ದಾರೆ. 1693ರಲ್ಲಿ, ಧೂಮಕೇತುವಿನಿಂದ ನಮಗೆಲ್ಲ ಗೊತ್ತಿರುವ ಹ್ಯಾಲಿ, ಬ್ರೆಸ್ಲೌ ಎಂಬ ಊರಿನ ಜನನ ಮರಣದ ಲೆಕ್ಕದಿಂದ ಆಯುಸ್ಸಿನ ಪಟ್ಟಿ ಮಾಡಿದ. ಜೀವವಿಮೆಯ ಬೇರು ಅಲ್ಲಿದೆ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಈ ಶಾಸ್ತ್ರದ ಮುಂದಿನ ಕವಲಾದ ಸಂಖ್ಯಾಶಾಸ್ತ್ರದಲ್ಲಿ ಜಗತ್ತೇ ಒಪ್ಪುವ ಹೆಸರಾದರು. ನನಗೆ ತುಂಬಾ ಇಷ್ಟವಾದದ್ದು ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞನ ಪ್ರಸಂಗ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ, ಹೊತ್ತು ಹೋಗಲೆಂದು ಅವನು ಒಬ್ಬನೇ ಆಡುವ ಒಂದು ಇಸ್ಪೀಟ್ ಆಟ ಆಡುತ್ತಿದ್ದ. ಈ ಆಟ ಗೆಲ್ಲುವ ಸಂಭವ ಎಷ್ಟು ಎಂದು ಸೂತ್ರದಿಂದ ಲೆಕ್ಕ ಹಾಕಲು ಹೋಗಿ ಸೋತು, ನೂರಾರು ಸಲ ಆಡಿ ಎಣಿಸಿಬಿಟ್ಟರೆ ಆಗದೇ ಎಂದು ಯೋಚಿಸಿದ. ನಮ್ಮ ಮೇಷ್ಟ್ರು ಎರಡು ಪಿರಿಯಡ್ಡು ಮಾಡಿಸಿದ್ದೂ ಅದನ್ನೇ! ಉಲಾಮ್ ಆ ಕೆಲಸವನ್ನು ಆಗತಾನೆ ಬಂದಿದ್ದ ಗಣಕಯಂತ್ರಕ್ಕೆ ವಹಿಸಬಹುದೆಂದು ಕಂಡ. ಆ ವಿಧಾನಕ್ಕೆ ಮಾಂಟೆ ಕಾರ್ಲೋ ಎಂಬ ಹೆಸರು ಬಂದದ್ದಕ್ಕೆ ಅವನ ಸಹೋದ್ಯೋಗಿ ಕೊಡುವ ಕಾರಣ ಕೇಳಿ: ಉಲಾಮ್‌ಗೆ ಒಬ್ಬ ಅಂಕಲ್ ಇದ್ದ, ಮಾಂಟೆ ಕಾರ್ಲೋ ಜೂಜುಕಟ್ಟೆಗೆ ಹೋಗಲೇಬೇಕೆಂದು ನೆಂಟರ ಹತ್ತಿರ ಸಾಲ ಕೇಳುತ್ತಿದ್ದ. ಇಂಗ್ಲಿಷಿನ ಆ ಪದದಿಂದ ಅವನು ಚಿಕ್ಕಪ್ಪನೋ ಸೋದರಮಾವನೋ ಗೊತ್ತಾಗುವುದಿಲ್ಲ. ನಾನು ಚಿಕ್ಕಪ್ಪನೆಂದೇ ಓದಿಕೊಂಡೆ.

2003ರಲ್ಲಿ ಅಮೆರಿಕದ ಒಬ್ಬ ಅಕೌಂಟೆಂಟ್, ಕ್ರಿಸ್ ಮನಿಮೇಕರ್, ಕಂಪ್ಯೂಟರಿನಲ್ಲಿ ಸಣ್ಣ ಶುಲ್ಕದ ಆಟ ಗೆದ್ದು, ಅಲ್ಲಿಂದ ಲಾಸ್ ವೇಗಾಸ್‌ನ ವಿಶ್ವ ಪೋಕರ್ ಸ್ಪರ್ಧೆಗೆ ಪ್ರವೇಶ ಪಡೆದು 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಆ ಸ್ಪರ್ಧೆಯಲ್ಲಿ 839 ಜನ. 2006ರಲ್ಲಿ 8773 ಜನ. ಅಲ್ಲಿಂದ ಕಂಪ್ಯೂಟರಿನ ಆಟ ಫೋನಿಗೆ ಬಂತು. ಫೋನು ನಮ್ಮೂರಿಗೆ ಬಂತು. 1960ರ ದಶಕದ ಕೊನೆಯಲ್ಲಿ ಆಂಧ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಮ್ಮಿ ಮೂರೆಲೆ ಆಟದ ಹಾಗೆ ಕೇವಲ ಅದೃಷ್ಟದ್ದಲ್ಲ, ಬಿದ್ದ ಎಲೆಗಳನ್ನು ನೆನಪಿಟ್ಟು ಕಟ್ಟಬೇಕಾದ ಕೌಶಲದ ಆಟ ಎಂದಿತ್ತು. ಆ ಮಾತನ್ನೇ ಹಿಡಿದು ಆನ್‌ಲೈನ್ ಆಟದವರು ದಶಕಗಳ ನಂತರ ವಾದಿಸಿದರು. 2025ರ ಆಗಸ್ಟಿನಲ್ಲಿ ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಪೋಕರಿನಲ್ಲಿ ಕೌಶಲ ಇದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಮೇಲಿನ ಲೆಕ್ಕ ಬಲ್ಲವನು ಬಾರದವನಿಗಿಂತ ಕಡಿಮೆ ಸೋಲುತ್ತಾನೆ. ಆದರೆ ಆಡಿಸುವವನು ಪಣದಿಂದ ತನ್ನ ಪಾಲು ಮೊದಲೇ ತೆಗೆದಿಟ್ಟುಕೊಳ್ಳುತ್ತಾನೆ. ಸಮಬಲದವರೇ ಕೂತು ಆಡಿದರೂ ಕೊನೆಗೆ ಎಲ್ಲರ ಜೇಬೂ ಸೇರಿ ಅಷ್ಟು ಕಡಿಮೆಯಾಗಿರುತ್ತದೆ. ಅರಳಿಕಟ್ಟೆಯಲ್ಲೂ ಹಾಗೇ ಇತ್ತು.

ನಾನು ಮೇಷ್ಟ್ರಾಗಿ ಕೆಲವು ವರ್ಷವಾದ ಮೇಲೆ, ಒಂದು ಯುಗಾದಿಗೆ ಊರಿಗೆ ಬಂದಾಗ, ಜಗಲಿಯ ಮೇಲೆ ಚಿಕ್ಕಪ್ಪನ ಪಕ್ಕ ಕೂತು 47ರ ಲೆಕ್ಕವನ್ನು ಹುರುಳಿಕಾಳು ಇಟ್ಟು ತೋರಿಸಿದೆ. ಅಷ್ಟೊತ್ತಿಗೆ ಅವನು ಆಟ ಬಿಟ್ಟು ಬಹಳ ಕಾಲವಾಗಿತ್ತು. 9 ಕಾಳು ಒಂದು ಕಡೆ, 38 ಇನ್ನೊಂದು ಕಡೆ. ಕನ್ನಡಕ ಸರಿಮಾಡಿಕೊಂಡು ಎರಡು ಗುಂಪನ್ನೂ ಎಣಿಸಿದ. ಸರಿಯಾಗಿದೆ ಎಂದ. ಆಮೇಲೆ ಆ 9 ಕಾಳುಗಳ ಮೇಲೆ ಬೆರಳಿಟ್ಟು ಕೇಳಿದ:

“ಅಲ್ಲ ಕಣೋ, ಈ ಒಂಬತ್ತರಲ್ಲಿ ಒಂದು ನನಗೆ ಅವತ್ತು ಬರಬಹುದಿತ್ತಲ್ವ?”

“ಬರಬಹುದಿತ್ತು ಚಿಕ್ಕಪ್ಪ,” ಎಂದೆ.